ಜರ್ಮನಿಗೆ ಹೋಗ್ತಿದ್ದೀರಾ? ಬಾಡಿಗೆ ಮನೆಯೋ, ಸ್ವಂತ ಮನೆಯೋ: ಕೂತು ಲೆಕ್ಕ ಹಾಕೋಣ

(ಪಾಡ್‌ಕಾಸ್ಟ್‌ನ ಪಠ್ಯರೂಪ)

ಇವತ್ತಿನ ವಿಷಯವೂ ದುಡ್ಡಿನದ್ದೇ. ಆದರೆ ಈ ಸಲ ಲೆಕ್ಕ ರೂಪಾಯಿಯಲ್ಲಲ್ಲ, ಯೂರೋದಲ್ಲಿ.

ಬೆಂಗಳೂರಿಗೂ ಜರ್ಮನಿಗೂ ಈಗ ಹತ್ತಿರದ ನಂಟು. ಬಾಷ್, ಎಸ್‌ಎಪಿ, ಸೀಮೆನ್ಸ್, ಮರ್ಸಿಡಿಸ್ ಬೆಂಜ್ ಎಲ್ಲಕ್ಕೂ ಇಲ್ಲಿ ದೊಡ್ಡ ಆಫೀಸುಗಳಿವೆ. ಇಲ್ಲಿಂದ ಫ್ರಾಂಕ್‌ಫರ್ಟ್‌ಗೆ, ಮ್ಯೂನಿಕ್‌ಗೆ ನೇರ ವಿಮಾನ ಇದೆ. ಹಾಗಾಗಿ ನಮ್ಮ ಹುಡುಗ ಹುಡುಗಿಯರು ಹೋಗ್ತಾನೇ ಇದ್ದಾರೆ. ಹೋಗಿ ಆರು ತಿಂಗಳು ಆಗೋದ್ರೊಳಗೆ ಊರಿಂದ ವಿಡಿಯೋ ಕಾಲ್‌ನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ. "ಅಲ್ಲಪ್ಪಾ, ತಿಂಗಳಿಗೆ ಲಕ್ಷಕ್ಕಿಂತ ಹೆಚ್ಚು ಬಾಡಿಗೆ ಕೊಡ್ತಿದ್ದೀಯಲ್ಲ, ಅದೇ ದುಡ್ಡಲ್ಲಿ ಸ್ವಂತ ಮನೆಗೆ ಇಎಂಐ ಕಟ್ಟಬಾರದಾ? ಬೇಕಾದ್ರೆ ಊರಲ್ಲಿರೋ ಸೈಟ್ ಮಾರೋಣ."

ಕೊನೆಯ ಆ ಒಂದು ವಾಕ್ಯಕ್ಕಾಗಿಯೇ ಈ ಎಪಿಸೋಡ್. ಯಾಕಂದ್ರೆ ಅಲ್ಲಿಗೆ ಬರೋ ಹೊತ್ತಿಗೆ ಇದು ಬರೀ ನಿಮ್ಮ ಸಂಬಳದ ವಿಷಯವಾಗಿ ಉಳಿದಿರಲ್ಲ. ಅಪ್ಪ ಅಮ್ಮನ ಇಡೀ ಜೀವನದ ಉಳಿತಾಯದ ವಿಷಯವಾಗಿರುತ್ತೆ.

ಬಾಡಿಗೆ ಅಂದ್ರೆ ಅಲ್ಲಿ ಬೇರೆ ಅರ್ಥ

ನಮ್ಮಲ್ಲಿ ಬಾಡಿಗೆ ಅಂದ್ರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನೋ ಭಾವನೆ. ಅದಕ್ಕೆ ಕಾರಣಗಳೂ ಇವೆ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ ಓನರ್‌ಗಳನ್ನ ನೋಡಿದ್ದೀವಿ. ಹನ್ನೊಂದು ತಿಂಗಳ ಅಗ್ರಿಮೆಂಟ್, ಪ್ರತಿ ವರ್ಷ ಬಾಡಿಗೆ ಏರಿಕೆ, ಮನೆ ಬಿಡುವಾಗ ಪೇಂಟಿಂಗ್ ಚಾರ್ಜ್ ಅಂತ ಅಡ್ವಾನ್ಸಲ್ಲೇ ಕಡಿತ. ಬಾಡಿಗೆದಾರ ಅಂದ್ರೆ ಯಾವಾಗ ಬೇಕಾದ್ರೂ ಎಬ್ಬಿಸಬಹುದಾದವನು ಅನ್ನೋ ಲೆಕ್ಕ.

ಜರ್ಮನಿಯಲ್ಲಿ ಚಿತ್ರ ಬೇರೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲೇ ಇದ್ದಾರೆ. ಯುರೋಪಿಯನ್ ಯೂನಿಯನ್‌ನಲ್ಲೇ ಸ್ವಂತ ಮನೆಯಲ್ಲಿ ಇರೋರ ಪ್ರಮಾಣ ಅತಿ ಕಡಿಮೆ ಇರೋ ದೇಶ ಅದು. ಡಾಕ್ಟರು, ಪ್ರೊಫೆಸರು, ಕಂಪನಿ ಮ್ಯಾನೇಜರ್, ಎಲ್ಲರೂ ಬಾಡಿಗೆಗೆ ಇರ್ತಾರೆ. ಯಾರೂ ಅದನ್ನ ಕೀಳಾಗಿ ನೋಡಲ್ಲ.

ಕಾನೂನು ಹೇಗಿದೆ ನೋಡಿ. ಡಿಪಾಸಿಟ್ ಹೆಚ್ಚಂದ್ರೆ ಮೂರು ತಿಂಗಳ ಮೂಲ ಬಾಡಿಗೆ, ಅದನ್ನೂ ಮೂರು ಕಂತಲ್ಲಿ ಕೊಡಬಹುದು. ಓನರ್ ಆ ಹಣವನ್ನ ತನ್ನ ದುಡ್ಡಿನ ಜತೆ ಬೆರೆಸದೆ ಬೇರೆಯಾಗಿ ಇಡಬೇಕು, ಬಂದ ಬಡ್ಡಿ ನಿಮ್ಮದು. ಕರಾರಿಗೆ ಸಾಮಾನ್ಯವಾಗಿ ಕೊನೆ ದಿನಾಂಕವೇ ಇರಲ್ಲ. ಓನರ್ ನಿಮ್ಮನ್ನ ಬಿಡಿಸಬೇಕಾದ್ರೆ ಕಾನೂನು ಒಪ್ಪೋ ಕಾರಣ ಬೇಕು, ಉದಾಹರಣೆಗೆ ತನಗೋ ತನ್ನ ಮನೆಯವರಿಗೋ ವಾಸಕ್ಕೆ ಆ ಮನೆ ಬೇಕು ಅಂತ. ಆಗಲೂ ಕನಿಷ್ಠ ಮೂರು ತಿಂಗಳ ನೋಟಿಸ್. ನೀವು ಐದು ವರ್ಷ ಇದ್ದಿದ್ರೆ ಆರು ತಿಂಗಳು, ಎಂಟು ವರ್ಷ ದಾಟಿದ್ರೆ ಒಂಬತ್ತು ತಿಂಗಳು. ನೀವು ಬಿಡೋದಾದ್ರೆ ಯಾವಾಗಲೂ ಮೂರು ತಿಂಗಳ ನೋಟಿಸ್ ಸಾಕು, ಕಾರಣ ಹೇಳಬೇಕಾಗಿಲ್ಲ.

ಹಾಗಂತ ಎಲ್ಲಾ ಸಲೀಸು ಅಂತಲ್ಲ. ದೊಡ್ಡ ಊರುಗಳಲ್ಲಿ ಬಾಡಿಗೆ ಮನೆ ಸಿಗೋದೇ ಕಷ್ಟ. ಒಂದು ಜಾಹೀರಾತಿಗೆ ರಾಶಿ ಅರ್ಜಿ ಬೀಳುತ್ತೆ. 'ಶೂಫಾ' ಅಂತ ಅಲ್ಲಿನ ಕ್ರೆಡಿಟ್ ರಿಪೋರ್ಟ್ ಕೇಳ್ತಾರೆ, ನಮ್ಮ ಸಿಬಿಲ್ ತರಹ. ಈಗ ತಾನೇ ವಿಮಾನ ಇಳಿದವರ ಹತ್ರ ಅದು ಎಲ್ಲಿರುತ್ತೆ? ಹಾಗಾಗಿ ಸಂಬಳದ ಕರಾರುಪತ್ರ, ಪೇಸ್ಲಿಪ್ ತೋರಿಸಿ ಒಪ್ಪಿಸಬೇಕು.

ಜಾಹೀರಾತಲ್ಲಿ ಎರಡು ಬಾಡಿಗೆ ಕಾಣುತ್ತೆ. 'ಕಾಲ್ಟ್‌ಮೀಟೆ', ಅಂದ್ರೆ ತಣ್ಣನೆ ಬಾಡಿಗೆ, ಗೋಡೆ ಚಾವಣಿಗೆ ಮಾತ್ರ. 'ವಾರ್ಮ್‌ಮೀಟೆ', ಅಂದ್ರೆ ಬೆಚ್ಚನೆ ಬಾಡಿಗೆ, ಹೀಟಿಂಗ್, ನೀರು, ಕಸದ ಖರ್ಚು ಸೇರಿಸಿ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಇದರ ಮೇಲೆ ಬೇರೆ. ಇನ್ನೊಂದು ಆಶ್ಚರ್ಯ ಅಡುಗೆಮನೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದ್ರೆ ಬರೀ ಖಾಲಿ ಕೋಣೆ. ಸಿಂಕೂ ಇರಲ್ಲ, ಒಲೆಯೂ ಇರಲ್ಲ. ಹಳೇ ಬಾಡಿಗೆದಾರರಿಂದ ಕೊಂಡ್ಕೋಬೇಕು, ಇಲ್ಲಾ ಹೊಸದು ಹಾಕಿಸ್ಬೇಕು. ಮೊದಲ ತಿಂಗಳ ಬಜೆಟ್‌ನಲ್ಲಿ ಇದಕ್ಕೂ ದುಡ್ಡು ಇಟ್ಕೊಳ್ಳಿ.

ಕೊಂಡ ದಿನವೇ ಹೋಗುವ ದುಡ್ಡು

ಈಗ ಕೊಳ್ಳೋ ಕಡೆ ಬರೋಣ. ಮೊದಲು ಒಂದು ಒಳ್ಳೆ ಸುದ್ದಿ: ಜರ್ಮನಿಯಲ್ಲಿ ವಿದೇಶಿಯರು ಮನೆ ಕೊಳ್ಳೋದಕ್ಕೆ ತಡೆ ಇಲ್ಲ. ಆದರೆ ಮನೆ ಇದೆ ಅಂದ ಮಾತ್ರಕ್ಕೆ ವೀಸಾ ಸಿಗಲ್ಲ. ಅವೆರಡಕ್ಕೂ ಸಂಬಂಧವೇ ಇಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಫ್ರಾಂಕ್‌ಫರ್ಟ್ ಸುತ್ತಮುತ್ತ ಒಂದು ಫ್ಲಾಟ್, ಬೆಲೆ 4 ಲಕ್ಷ ಯೂರೋ ಅಂತ ಇಟ್ಕೊಳ್ಳಿ. ಅಂಥದ್ದೇ ಫ್ಲಾಟಿಗೆ ತಣ್ಣನೆ ಬಾಡಿಗೆ ತಿಂಗಳಿಗೆ 1,300 ಯೂರೋ ಅಂದುಕೊಳ್ಳೋಣ. ಇವೆರಡೂ ಲೆಕ್ಕಕ್ಕೆ ಹಿಡಿದ ಸಂಖ್ಯೆಗಳು. ನಿಮ್ಮ ಊರಿನ ಬೆಲೆ ಹಾಕಿ ನೀವೇ ಮಾಡಿ ನೋಡಬಹುದು.

ಮೊದಲನೇದು ಆಸ್ತಿ ಖರೀದಿ ತೆರಿಗೆ. ನಮ್ಮ ಸ್ಟ್ಯಾಂಪ್ ಡ್ಯೂಟಿ ಇದ್ದ ಹಾಗೆ. ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತೆ. ಮ್ಯೂನಿಕ್ ಇರೋ ಬವೇರಿಯಾದಲ್ಲಿ ಶೇ. 3.5, ಸ್ಟುಟ್‌ಗಾರ್ಟ್ ಇರೋ ಬಾಡೆನ್ ವುರ್ಟೆಂಬರ್ಗ್‌ನಲ್ಲಿ ಶೇ. 5, ಬರ್ಲಿನ್‌ನಲ್ಲಿ ಶೇ. 6, ಫ್ರಾಂಕ್‌ಫರ್ಟ್ ಇರೋ ಹೆಸ್ಸೆನ್‌ನಲ್ಲೂ ಶೇ. 6. ನಮ್ಮ ಫ್ಲಾಟಿಗೆ 24,000 ಯೂರೋ ಆಯ್ತು.

ಎರಡನೇದು ನೋಟರಿ ಮತ್ತು ಭೂ ದಾಖಲೆ ನೋಂದಣಿ. ಅಲ್ಲಿ ನೋಟರಿ ಮುಂದೆ ಸಹಿ ಆಗದ ಮನೆ ಖರೀದಿ ಖರೀದಿಯೇ ಅಲ್ಲ. ಎರಡೂ ಸೇರಿ ಸುಮಾರು ಶೇ. 2 ಹಿಡಿಯಿರಿ, 8,000 ಯೂರೋ.

ಮೂರನೇದು ಬ್ರೋಕರ್. ಅನೇಕ ಕಡೆ ಕೊಳ್ಳೋರ ಪಾಲು ತೆರಿಗೆ ಸೇರಿ ಶೇ. 3.57. ಅಂದ್ರೆ 14,280 ಯೂರೋ. ಬಾಡಿಗೆ ಮನೆ ವಿಷಯದಲ್ಲಾದ್ರೆ 2015ರಿಂದ ಬ್ರೋಕರನ್ನ ಯಾರು ಕರೆಸ್ತಾರೋ ಅವರೇ ದುಡ್ಡು ಕೊಡಬೇಕು ಅನ್ನೋ ನಿಯಮ ಇದೆ. ಸಾಮಾನ್ಯವಾಗಿ ಕರೆಸೋದು ಓನರ್.

ಮೂರನ್ನೂ ಕೂಡಿಸಿ: 46,280 ಯೂರೋ. ಇದು ಡೌನ್ ಪೇಮೆಂಟ್ ಅಲ್ಲ, ಗಮನ ಇರಲಿ. ಮನೆಯ ಒಂದು ಇಟ್ಟಿಗೆಯೂ ಇದರಲ್ಲಿ ನಿಮ್ಮದಾಗಲ್ಲ. ಮನೆ ಮಾರಿದಾಗ ಇದು ವಾಪಸ್ ಬರೋದೂ ಇಲ್ಲ. ತಿಂಗಳಿಗೆ 1,300ರ ಹಾಗೆ ಇದೇ ದುಡ್ಡಲ್ಲಿ ಸುಮಾರು ಮೂರು ವರ್ಷದ ಬಾಡಿಗೆ ಕಟ್ಟಬಹುದಿತ್ತು. ಬಾಡಿಗೆ ವ್ಯರ್ಥ ಅನ್ನೋರಿಗೆ ನಾನು ಕೇಳೋದು ಇಷ್ಟೇ: ಒಂದೇ ದಿನದಲ್ಲಿ ಮೂರು ವರ್ಷದ ಬಾಡಿಗೆ ಹೋದ್ರೆ ಅದಕ್ಕೇನು ಹೆಸರು?

ತಿಂಗಳ ಲೆಕ್ಕ

"ಆಯ್ತು, ಒಂದ್ಸಲ ಹೋಗುತ್ತೆ. ಆಮೇಲೆ ಪ್ರತಿ ತಿಂಗಳು ಉಳಿಯುತ್ತಲ್ಲ?" ಅಂತೀರಿ. ನೋಡೋಣ.

ಬೆಲೆಯ ಶೇ. 20 ನಿಮ್ಮ ಕೈಯಿಂದ, ಅಂದ್ರೆ 80,000. ಉಳಿದ 3,20,000 ಬ್ಯಾಂಕ್ ಸಾಲ. ಬಡ್ಡಿ ಶೇ. 3.5 ಅಂತ ಹಿಡಿಯೋಣ. ಮೊದಲ ವರ್ಷದ ಬಡ್ಡಿ 11,200, ತಿಂಗಳಿಗೆ 933. ಫ್ಲಾಟ್ ಆದ್ದರಿಂದ ಅಪಾರ್ಟ್‌ಮೆಂಟಿನ ಆಡಳಿತ, ರಿಪೇರಿ ನಿಧಿಗೆ ಓನರ್ ಆಗಿ ನೀವು ಕಟ್ಟಬೇಕಾದ್ದು ತಿಂಗಳಿಗೆ 150 ಅಂತ ಇಟ್ಕೊಳ್ಳಿ. ಇಲ್ಲಿಗೆ 1,083.

ಇನ್ನೊಂದು ಬಾಕಿ ಇದೆ. ಡೌನ್ ಪೇಮೆಂಟ್ 80,000, ಖರ್ಚು 46,280, ಒಟ್ಟು 1,26,280 ಯೂರೋ ನಿಮ್ಮ ಕೈಬಿಟ್ಟಿದೆ. ಅದು ಶೇ. 2ರ ಡಿಪಾಸಿಟ್‌ನಲ್ಲಿ ಇದ್ದಿದ್ರೂ ತಿಂಗಳಿಗೆ 210 ಬರ್ತಿತ್ತು. ಬಿ.ಕಾಂನಲ್ಲಿ ಇದಕ್ಕೆ ಅವಕಾಶ ವೆಚ್ಚ ಅಂತ ಓದಿದ್ವಿ, ಪರೀಕ್ಷೆಗೆ ಮಾತ್ರ. ನಿಜವಾಗಿ ಬೇಕಾಗೋದು ಇಂಥ ಕಡೆ. ಎಲ್ಲಾ ಸೇರಿಸಿದ್ರೆ ತಿಂಗಳಿಗೆ 1,293.

ಬಾಡಿಗೆ ಎಷ್ಟಿತ್ತು? 1,300. ಹೆಚ್ಚೂಕಡಿಮೆ ಒಂದೇ! ಒಂದು ಕಡೆ ಓನರ್‌ಗೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿಗೆ ಬಡ್ಡಿ. ಅಸಲಿನ ಕಂತನ್ನ ನಾನು ಸೇರಿಸಿಲ್ಲ, ಯಾಕಂದ್ರೆ ಅದು ಉಳಿತಾಯ, ಖರ್ಚಲ್ಲ. ಆದರೆ ಜೇಬಿಂದ ಅದೂ ಹೋಗಬೇಕಲ್ಲ? ವರ್ಷಕ್ಕೆ ಶೇ. 2ರಷ್ಟು ಅಸಲು ಕಟ್ಟಿದ್ರೂ ಇಎಂಐ 1,467ಕ್ಕೆ ಏರುತ್ತೆ.

ಹಾಗಾಗಿ ಮೊದಲ ವರ್ಷಗಳಲ್ಲಿ ತಿಂಗಳ ಲೆಕ್ಕದಿಂದ ಆ 46,280 ವಾಪಸ್ ಬರಲ್ಲ. ಅದು ಬರಬೇಕಾದ್ರೆ ಮನೆಯ ಬೆಲೆ ಶೇ. 11ಕ್ಕಿಂತ ಹೆಚ್ಚು ಏರಬೇಕು, ಅದೂ ಬರೀ ಸೊನ್ನೆಗೆ ಮರಳೋಕೆ. ಬೆಲೆ ಏರೇ ಏರುತ್ತೆ ಅನ್ನೋ ನಮ್ಮೂರಿನ ನಂಬಿಕೆಯನ್ನ ಅಲ್ಲಿಗೆ ಹೊತ್ಕೊಂಡು ಹೋಗಬೇಡಿ. 2023ರಲ್ಲಿ ಜರ್ಮನಿಯಲ್ಲಿ ಮನೆ ಬೆಲೆ ಸರಾಸರಿ ಶೇ. 8ಕ್ಕೂ ಹೆಚ್ಚು ಇಳಿದಿತ್ತು.

ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳ್ಬೇಕು. ವರ್ಷ ಕಳೆದ ಹಾಗೆ ಬಾಡಿಗೆ ಏರುತ್ತೆ, ಅಸಲು ತೀರಿದ ಹಾಗೆ ಬಡ್ಡಿ ಇಳಿಯುತ್ತೆ. ಎಂಟು ಹತ್ತು ವರ್ಷ ಒಂದೇ ಊರಲ್ಲಿ ಇರೋರಿಗೆ ತಕ್ಕಡಿ ನಿಧಾನವಾಗಿ ಸ್ವಂತ ಮನೆ ಕಡೆ ವಾಲುತ್ತೆ. ಹಾಗಾಗಿ ಈ ಇಡೀ ಲೆಕ್ಕದಲ್ಲಿ ಮುಖ್ಯವಾದ ಸಂಖ್ಯೆ ಬೆಲೆಯೂ ಅಲ್ಲ, ಬಡ್ಡಿಯೂ ಅಲ್ಲ. ನೀವು ಅಲ್ಲಿ ಎಷ್ಟು ವರ್ಷ ಇರ್ತೀರಿ ಅನ್ನೋದು. ಹೋದ ಮೊದಲ ವರ್ಷದಲ್ಲಿ ಯಾರಿಗೂ ಗೊತ್ತಿರದ ಸಂಖ್ಯೆ ಅಂದ್ರೆ ಅದೇ.

ವಾಪಸ್ ಬರಬೇಕಾದ್ರೆ?

ಕೆಲಸ ಹೋಯ್ತು ಅಂತಿಟ್ಕೊಳ್ಳಿ. ಇಲ್ಲಾ ಬರ್ಲಿನ್‌ನಲ್ಲಿ ಒಳ್ಳೆ ಆಫರ್ ಬಂತು. ಇಲ್ಲಾ ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ಬಂದುಬಿಡೋಣ ಅನ್ನಿಸ್ತು. ಬಾಡಿಗೆ ಮನೆಯಾದ್ರೆ ಮೂರು ತಿಂಗಳ ನೋಟಿಸ್, ಡಿಪಾಸಿಟ್ ಇಸ್ಕೊಂಡು ಹೊರಡೋದು.

ಸ್ವಂತ ಮನೆಯಾದ್ರೆ? ಅಲ್ಲಿ ಗೃಹಸಾಲದ ಬಡ್ಡಿಯನ್ನ ಸಾಮಾನ್ಯವಾಗಿ ಹತ್ತು ವರ್ಷಕ್ಕೋ ಇನ್ನೂ ಹೆಚ್ಚಿಗೋ ನಿಗದಿ ಮಾಡ್ತಾರೆ. ನಡುವೆ ಮನೆ ಮಾರಿ ಸಾಲ ತೀರಿಸೋಕೆ ಹೋದ್ರೆ ಬ್ಯಾಂಕು ತನಗೆ ತಪ್ಪಿಹೋದ ಬಡ್ಡಿಗೆ ಪರಿಹಾರ ಕೇಳಬಹುದು. ಹತ್ತು ವರ್ಷ ಆದ ಮೇಲೆ ಆರು ತಿಂಗಳ ನೋಟಿಸ್ ಕೊಟ್ಟು ದಂಡ ಇಲ್ಲದೆ ತೀರಿಸಬಹುದು. ನಮ್ಮಲ್ಲಿ ಫ್ಲೋಟಿಂಗ್ ದರದ ಗೃಹಸಾಲವನ್ನ ಯಾವಾಗ ಬೇಕಾದ್ರೂ ತೀರಿಸಿ ಅಭ್ಯಾಸ ಆದವರಿಗೆ ಇದು ಹೊಸತು.

ತೆರಿಗೆಯದ್ದೂ ಒಂದು ಗಂಟಿದೆ. ಕೊಂಡ ಹತ್ತು ವರ್ಷದೊಳಗೆ ಮಾರಿ ಲಾಭ ಬಂದ್ರೆ ಅದಕ್ಕೆ ಆದಾಯ ತೆರಿಗೆ. ಮಾರೋ ವರ್ಷ ಮತ್ತು ಅದರ ಹಿಂದಿನ ಎರಡು ವರ್ಷ ನೀವೇ ವಾಸವಿದ್ರೆ ವಿನಾಯಿತಿ ಇದೆ. ಬೆಂಗಳೂರಿಗೆ ವಾಪಸ್ ಬಂದು, ಮನೆ ಬಾಡಿಗೆಗೆ ಕೊಟ್ಟು, ನಾಲ್ಕು ವರ್ಷ ಬಿಟ್ಟು ಮಾರಿದ್ರೆ ಆ ವಿನಾಯಿತಿ ಕೈತಪ್ಪಬಹುದು. ಭಾರತದ ಕಡೆಯಿಂದ ತೊಂದರೆ ಇಲ್ಲ. ಹೊರಗೆ ವಾಸವಿದ್ದಾಗ ಕೊಂಡ ಆಸ್ತಿಯನ್ನ ವಾಪಸ್ ಬಂದ ಮೇಲೂ ಇಟ್ಕೊಳ್ಳೋಕೆ ಫೆಮಾ ಕಾನೂನು ಒಪ್ಪುತ್ತೆ. ಆದರೆ ಇಲ್ಲಿ ನೀವು ಪೂರ್ಣ ಪ್ರಮಾಣದ ನಿವಾಸಿ ಆದ ಮೇಲೆ ಐಟಿ ರಿಟರ್ನ್‌ನಲ್ಲಿ ಆ ಆಸ್ತಿಯನ್ನ ತೋರಿಸಲೇಬೇಕು.

ಊರಿನ ಸೈಟ್ ಮಾರಬೇಕಾ?

ಈಗ ಅಸಲಿ ವಿಷಯಕ್ಕೆ ಬಂದ್ವಿ. ತುಮಕೂರಲ್ಲೋ, ಹಾಸನದಲ್ಲೋ, ದಾವಣಗೆರೆಯಲ್ಲೋ ಅಪ್ಪ ಹಿಂದೆ 15 ಲಕ್ಷಕ್ಕೆ ತಗೊಂಡ ಸೈಟ್ ಈಗ 60 ಲಕ್ಷಕ್ಕೆ ಹೋಗುತ್ತೆ ಅಂತಿಟ್ಕೊಳ್ಳಿ. ಲಾಭ 45 ಲಕ್ಷ. ಇಂಡೆಕ್ಸೇಷನ್ ಇಲ್ಲದ ಶೇ. 12.5ರ ದರದಲ್ಲಿ ಬಂಡವಾಳ ಲಾಭ ತೆರಿಗೆ, ಸೆಸ್ ಸೇರಿ, ಸುಮಾರು 5 ಲಕ್ಷ 85 ಸಾವಿರ. ಮತ್ತೊಂದು ಮನೆ ಕೊಂಡ್ರೆ ವಿನಾಯಿತಿ ಇದೆಯಲ್ಲ ಅಂತ ಕೇಳ್ತೀರಿ. ಇದೆ. ಆದರೆ ಆ ಮನೆ ಭಾರತದಲ್ಲೇ ಇರಬೇಕು. ಫ್ರಾಂಕ್‌ಫರ್ಟ್ ಫ್ಲಾಟ್ ಅದಕ್ಕೆ ಬರಲ್ಲ.

ಇನ್ನು ಹಣ ಕಳಿಸೋದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಮಗನಿಗೆ, ಮಗಳಿಗೆ ಉಡುಗೊರೆಯಾಗಿ ಕಳಿಸೋದೂ ಇದರಲ್ಲೇ ಬರುತ್ತೆ. ಆದರೆ 2025ರ ಏಪ್ರಿಲ್‌ನಿಂದ ಇರೋ ನಿಯಮದ ಪ್ರಕಾರ ಇಂಥ ಹಣ 10 ಲಕ್ಷ ದಾಟಿದ್ರೆ, ದಾಟಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್ ವಸೂಲಿ ಮಾಡುತ್ತೆ.

60 ಲಕ್ಷವನ್ನೂ ಅಪ್ಪ ಒಬ್ಬರೇ ಕಳಿಸೋಕೆ ಹೋದ್ರೆ ನಿಜಕ್ಕೂ ಹೊರಡೋದು ಸುಮಾರು 51 ಲಕ್ಷ 67 ಸಾವಿರ. ಉಳಿದ 8 ಲಕ್ಷ 33 ಸಾವಿರ ಟಿಸಿಎಸ್. ಅದು ಪೂರ್ತಿ ನಷ್ಟವಲ್ಲ. ಸೈಟ್ ಮಾರಿದ ಆರ್ಥಿಕ ವರ್ಷದಲ್ಲೇ ಹಣ ಕಳಿಸಿದ್ರೆ ಅದರಲ್ಲೇ ಬಂಡವಾಳ ಲಾಭ ತೆರಿಗೆ ಹೊಂದಿಸಿಕೊಳ್ಳಬಹುದು, ಮಿಕ್ಕಿದ್ದು ರಿಟರ್ನ್ ಸಲ್ಲಿಸಿದ ಮೇಲೆ ರೀಫಂಡ್ ಬರುತ್ತೆ. ಅಪ್ಪ ಅಮ್ಮ ಇಬ್ಬರ ಹೆಸರಲ್ಲೂ ಸೈಟ್ ಇದ್ದು ಇಬ್ಬರೂ ಬೇರೆ ಬೇರೆ ಕಳಿಸಿದ್ರೆ ಟಿಸಿಎಸ್ ಇನ್ನೂ ಕಡಿಮೆ. ಜರ್ಮನಿ ಕಡೆ, ಅಪ್ಪ ಅಥವಾ ಅಮ್ಮನಿಂದ ಬರೋ ಉಡುಗೊರೆಗೆ ತಲಾ 4 ಲಕ್ಷ ಯೂರೋವರೆಗೆ, ಹತ್ತು ವರ್ಷಕ್ಕೊಮ್ಮೆ, ತೆರಿಗೆ ಇಲ್ಲ. ಆದರೂ ಅಲ್ಲಿನ ತೆರಿಗೆ ಕಚೇರಿಗೆ ಮೂರು ತಿಂಗಳೊಳಗೆ ತಿಳಿಸಬೇಕು.

ಈಗ ಒಂದು ಕೊನೆಯ ಭಾಗಾಕಾರ ಮಾಡಿ. ಯೂರೋಗೆ 100 ರೂಪಾಯಿ ಹಿಡಿದ್ರೆ ಆ ಹಣ ಸುಮಾರು 51,600 ಯೂರೋ. ಮನೆ ಕೊಳ್ಳೋ ದಿನ ತೆರಿಗೆಗೆ, ನೋಟರಿಗೆ, ಬ್ರೋಕರ್‌ಗೆ ಹೋಗಿದ್ದೆಷ್ಟು? 46,280.

ಇದನ್ನ ಇನ್ನೊಂದ್ಸಲ ನಿಧಾನವಾಗಿ ಹೇಳ್ತೀನಿ. ಅಪ್ಪ ಚೀಟಿ ಹಾಕಿ, ಪಿಎಫ್ ತೆಗೆದು, ಸ್ಕೂಟರ್ ಬದಲಾಯಿಸದೆ ತಗೊಂಡ ಸೈಟ್ ಇದ್ಯಲ್ಲ, ಅದನ್ನ ಮಾರಿ ಕಳಿಸಿದ ದುಡ್ಡಲ್ಲಿ ಹತ್ತಿರ ಹತ್ತಿರ ಶೇ. 90 ಖರೀದಿ ಖರ್ಚಿಗೇ ಆಗುತ್ತೆ. 80,000 ಡೌನ್ ಪೇಮೆಂಟ್ ಇನ್ನೂ ನೀವೇ ಹೊಂದಿಸಬೇಕು. ಎರಡು ವರ್ಷದಲ್ಲಿ ನೀವು ವಾಪಸ್ ಬಂದ್ರೆ ಊರಲ್ಲಿ ಸೈಟೂ ಇರಲ್ಲ, ಅಲ್ಲಿ ಮನೆಯೂ ಇರಲ್ಲ.

ಅಪ್ಪ ಅಮ್ಮ ಪ್ರೀತಿಯಿಂದಲೇ "ಮಾರೋಣ" ಅಂತಾರೆ. ನಿಮಗೆ ಅಲ್ಲಿ ನೆಲೆ ಸಿಗಲಿ ಅನ್ನೋದು ಅವರ ಆಸೆ. ಬೇಡ ಅಂದ್ರೆ ನಮ್ಮ ದುಡ್ಡು ಬೇಡ್ವೇನೋ ಅಂತ ಬೇಜಾರಾಗಬಹುದು. ಹಾಗಾಗಿ ಬಾಯಿಮಾತಲ್ಲಿ ಬೇಡ ಅನ್ನೋ ಬದಲು ಈ ಲೆಕ್ಕವನ್ನ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡಿ ಸಂಸಾರ ನಡೆಸಿದವರು ಅವರು. ಲೆಕ್ಕ ಅವರಿಗೆ ನಮಗಿಂತ ಬೇಗ ಅರ್ಥ ಆಗುತ್ತೆ.

ಬೇರೆ ದೇಶಕ್ಕೆ ಹೋಗೋರಿಗೆ

ಬೇರೆ ದೇಶಗಳ ಬಗ್ಗೆ ಎರಡೇ ಮಾತು. ಕೆಲವು ಕಡೆ ಈ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಟ್ಟುಬಿಟ್ಟಿದೆ. ಕೆನಡಾ 2023ರಲ್ಲಿ ವಿದೇಶಿಯರ ಮನೆ ಖರೀದಿಗೆ ನಿಷೇಧ ತಂದು ಅದನ್ನ 2027ರ ಜನವರಿ 1ರವರೆಗೆ ವಿಸ್ತರಿಸಿತು. ವರ್ಕ್ ಪರ್ಮಿಟ್ ಇರೋರಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ಆಸ್ಟ್ರೇಲಿಯಾದಲ್ಲಿ 2025ರ ಏಪ್ರಿಲ್ 1ರಿಂದ ತಾತ್ಕಾಲಿಕ ವೀಸಾದವರು ಹಳೇ ಮನೆ ಕೊಳ್ಳೋದಕ್ಕೆ ತಡೆ ಬಂದಿದೆ. ಸಿಂಗಾಪುರದಲ್ಲಿ ವಿದೇಶಿಯರು ಮನೆ ಕೊಂಡ್ರೆ 2023ರಿಂದ ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿಯೇ ಶೇ. 60. ಯಾವ ದೇಶವಾದ್ರೂ ಮೊದಲು ನೋಡಬೇಕಾದ್ದು ಮೂರು: ಕೊಳ್ಳೋಕೆ ಬಿಡ್ತಾರಾ, ಕೊಂಡ ದಿನ ಎಷ್ಟು ಹೋಗುತ್ತೆ, ಬಿಟ್ಟು ಬರುವಾಗ ಎಷ್ಟು ಹೋಗುತ್ತೆ.

ಹಾಗಾದ್ರೆ ಯಾವಾಗ ಕೊಳ್ಳೋದು?

ಯಾವತ್ತೂ ಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ನಮ್ಮಲ್ಲಿ. ಪರದೇಶದಲ್ಲಿ ಆ ಮಾತಿನ ತೂಕ ಇನ್ನೂ ಹೆಚ್ಚು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಬೇಡ ಅನ್ನೋದಷ್ಟೇ ನನ್ನ ಮಾತು. ನಾಲ್ಕು ವಿಷಯ ಗಟ್ಟಿ ಆಗೋವರೆಗೆ ಕಾಯಿರಿ.

ಒಂದು, ವೀಸಾ. ಇಯು ಬ್ಲೂ ಕಾರ್ಡ್ ಇರೋರಿಗೆ 27 ತಿಂಗಳ ನಂತರ ಖಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಜರ್ಮನ್ ಭಾಷೆ ಬಿ1 ಮಟ್ಟಕ್ಕೆ ಬಂದಿದ್ರೆ 21 ತಿಂಗಳು ಸಾಕು. ಅದು ಕೈಗೆ ಬರೋ ಮುಂಚೆ ಕೆಲಸ ಹೋದ್ರೆ ಹೊಸ ಕೆಲಸ ಹುಡುಕೋಕೆ ಸಿಗೋದು ಕೆಲವೇ ತಿಂಗಳು. ಆ ಒತ್ತಡದಲ್ಲಿ ಮನೆ ಸಾಲವೂ ತಲೆ ಮೇಲೆ ಬೇಡ.

ಎರಡು, ಊರು. ಕೆಲಸ ಅದೇ ನಗರದಲ್ಲಿ ಇರುತ್ತೆ ಅನ್ನೋ ನಂಬಿಕೆ ಬಂದಿರಬೇಕು. ಎರಡು ಚಳಿಗಾಲ ಕಳೆದ ಮೇಲೆ ಆ ಊರು ನಿಮಗೆ ಹಿಡಿಸಿದೆಯಾ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಮೂರು, ಮನೆಯವರು. ಜತೆಗೆ ಬಂದ ಗಂಡನಿಗೋ ಹೆಂಡತಿಗೋ ಅಲ್ಲಿ ಕೆಲಸ, ಗೆಳೆಯರು, ಭಾಷೆ ಒಗ್ಗಿದೆಯಾ? ಇಬ್ಬರಲ್ಲಿ ಒಬ್ಬರು ಮನಸ್ಸಲ್ಲೇ ಸೂಟ್‌ಕೇಸ್ ಕಟ್ಟಿಟ್ಟಿದ್ರೆ ಮನೆ ಕೊಳ್ಳೋ ಮಾತು ಮುಂದಕ್ಕೆ ಹಾಕಿ.

ನಾಲ್ಕು, ದುಡ್ಡು. ಡೌನ್ ಪೇಮೆಂಟು, ಖರೀದಿ ಖರ್ಚು, ಅದರ ಮೇಲೆ ಆರು ತಿಂಗಳ ಜೀವನಕ್ಕೆ ಬೇಕಾದ ಹಣ, ಮೂರೂ ನಿಮ್ಮ ಸ್ವಂತ ದುಡಿಮೆಯಿಂದ ಆಗಬೇಕು. ಊರಿನ ಸೈಟಿಂದಲ್ಲ.

ನಾಲ್ಕಕ್ಕೂ ಹೌದು ಅನ್ನೋ ಉತ್ತರ ಬಂದ ದಿನ ಧೈರ್ಯವಾಗಿ ಕೊಳ್ಳಿ. ಅಲ್ಲಿವರೆಗೆ ಕೊಡೋ ಬಾಡಿಗೆಯನ್ನ ದಂಡ ಅಂದುಕೋಬೇಡಿ. ನಾವು ಇಲ್ಲಿ ಉಳಿಯೋರಾ, ಹೊರಡೋರಾ ಅಂತ ತಿಳ್ಕೊಳ್ಳೋಕೆ ಬೇಕಾದ ಸಮಯವನ್ನ ಆ ದುಡ್ಡು ಕೊಟ್ಟು ಕೊಳ್ತಿದ್ದೀರಿ.

ತೆರಿಗೆ ನಿಯಮಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತವೆ. ದೊಡ್ಡ ಮೊತ್ತ ಕಳಿಸೋ ಮುಂಚೆ ಒಬ್ಬ ಸಿಎ ಹತ್ರ ಕೂತು ಮಾತಾಡಿ, ಅವರ ಫೀಸು ಇದರ ಮುಂದೆ ಏನೂ ಅಲ್ಲ. ನಿಮ್ಮ ಮನೆಯಲ್ಲೂ ಈ ಚರ್ಚೆ ನಡೀತಿದ್ರೆ ಈ ಎಪಿಸೋಡನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿ, ಅಪ್ಪ ಅಮ್ಮನೂ ಕೇಳಲಿ.